ಟೊಮೆಟೊ, ಆಲೂಗಡ್ಡೆ, ಬದನೆ: ಅಂಗ ಮತ್ತು ಜೀನ್ ಹೋಲಿಸಿ ವಂಶವೃಕ್ಷ ಕಟ್ಟುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ವಿಜ್ಞಾನ ಪ್ರದರ್ಶನಗಳಲ್ಲಿ, ಡಿಗ್ರಿ ಮಕ್ಕಳ ಪ್ರಾಜೆಕ್ಟ್ ಪುಸ್ತಕಗಳಲ್ಲಿ ವಂಶವೃಕ್ಷದ ಚಾರ್ಟ್ ಇದ್ದೇ ಇರುತ್ತದೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಒಂದೇ. ಆಲೂಗಡ್ಡೆ ಪಕ್ಕದಲ್ಲಿ ಗೆಣಸು ಕೂತಿರುತ್ತದೆ, ಟೊಮೆಟೊ ಎಲ್ಲೋ ದೂರದಲ್ಲಿರುತ್ತದೆ. ಜೀನ್ ಹೋಲಿಕೆಯ ಭಾಗದಲ್ಲಿ ಕಂಪ್ಯೂಟರ್ ಕೊಟ್ಟ ಚಿತ್ರವನ್ನು ಹಾಗೇ ಅಂಟಿಸಿರುತ್ತಾರೆ. ಅದಕ್ಕೂ ಮೇಲಿನ ಚಾರ್ಟಿಗೂ ತಾಳಮೇಳ ಇರುವುದಿಲ್ಲ.

ಇದು ಬುದ್ಧಿವಂತಿಕೆಯ ಕೊರತೆ ಅಲ್ಲ, ಹಂತಗಳನ್ನು ಹಿಂದುಮುಂದು ಮಾಡಿದ್ದರ ಫಲ. "ಎಷ್ಟು ಹೋಲುತ್ತದೆ?" ಎಂದು ಮೊದಲೇ ಕೇಳಿಬಿಡುತ್ತಾರೆ. ಅದಕ್ಕೂ ಮುಂಚೆ ಎರಡು ಪ್ರಶ್ನೆ ಕೇಳಬೇಕು: ಇದು ನಿಜಕ್ಕೂ ಅದೇ ಅಂಗವಾ? ಈ ಲಕ್ಷಣ ಹೊಸದಾ, ಹಳೆಯದಾ? ಇಡೀ ಕೆಲಸ ನಿಂತಿರುವುದು ಇವೆರಡರ ಮೇಲೆ.

ಪಠ್ಯದಲ್ಲಿ ಬರುವ ಬಾವಲಿ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ ಇಲ್ಲಿ ಬೇಡ. ಅವನ್ನು ನೀವು ಕೈಯಲ್ಲಿ ಹಿಡಿದು ನೋಡುವ ಹಾಗಿಲ್ಲ. ನಮ್ಮ ಹೊಲ, ಬೇಲಿಯಲ್ಲಿ ಸಿಗುವ ಆರು ಗಿಡ ಸಾಕು.

## ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ, ಹೊಸ ಬ್ಲೇಡು, ಬಿಳಿ ಕಾಗದ, ಗುಂಡುಸೂಜಿ, ಗ್ಲೌಸ್, ಗೆರೆ ಹಾಕಿದ ನೋಟ್‌ಬುಕ್. ಜೀನ್ ಭಾಗಕ್ಕೆ ಇಂಟರ್ನೆಟ್ ಇರುವ ಸಾಧಾರಣ ಲ್ಯಾಪ್‌ಟಾಪ್ ಮತ್ತು ಮೆಗಾ (MEGA) ಎಂಬ ಉಚಿತ ಸಾಫ್ಟ್‌ವೇರ್. ಜೀನ್‌ಗಳ ಅಕ್ಷರಸಾಲುಗಳು (ಡಿಎನ್‌ಎಯ A, T, G, C ಎಂಬ ನಾಲ್ಕು ಅಕ್ಷರ ಸಾಲಾಗಿ ಬರೆದದ್ದು) ಜೆನ್‌ಬ್ಯಾಂಕ್ (GenBank) ಎಂಬ ಸಾರ್ವಜನಿಕ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ.

ನೀವೇ ಡಿಎನ್‌ಎ ತೆಗೆಯಬೇಕಾಗಿಲ್ಲ. ಸೋಪು, ಉಪ್ಪು, ಸ್ಪಿರಿಟ್ ಹಾಕಿ ಬಿಳಿ ಎಳೆ ಬರಿಸುವ ಪ್ರಯೋಗ ನೋಡಲು ಚೆಂದ. ಆದರೆ ಆ ಎಳೆಯಿಂದ ಒಂದಕ್ಷರವನ್ನೂ ಓದಲು ಆಗುವುದಿಲ್ಲ. ಅದರ ಫೋಟೊ ಅಂಟಿಸಿ "ಜೀನ್ ಹೋಲಿಸಿದ್ದೇವೆ" ಎಂದು ಬರೆದರೆ ತೀರ್ಪುಗಾರರು ಅಲ್ಲೇ ಹಿಡಿಯುತ್ತಾರೆ.

## ಹಂತ 1: ಗಿಡಗಳನ್ನು ಆರಿಸಿ, ಹೊರಗಿನವರೊಬ್ಬರನ್ನು ಸೇರಿಸಿ

ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ, ಉಮ್ಮತ್ತಿ. ಈ ಐದೂ ಬದನೆ ಕುಟುಂಬದವು. ಆರನೆಯದು ಸಿಹಿಗೆಣಸು. ಇದು ಪಕ್ಕದ ಕುಟುಂಬದ್ದು, ಬೇಲಿ ಮೇಲೆ ಹಬ್ಬುವ ಮಾರ್ನಿಂಗ್ ಗ್ಲೋರಿ ಬಳ್ಳಿಯ ನೆಂಟ.

ಈ ಆರನೆಯದಕ್ಕೆ ಹೊರಗುಂಪು ಎನ್ನುತ್ತಾರೆ. ಯಾವ ಲಕ್ಷಣ ಹಳೆಯದು, ಯಾವುದು ಆಮೇಲೆ ಹುಟ್ಟಿದ್ದು ಎಂದು ತಿಳಿಯುವುದು ಇದರಿಂದಲೇ. ಹೊರಗುಂಪು ಇಲ್ಲದೆ ಮರಕ್ಕೆ ಬೇರು ಎಲ್ಲಿ ಎಂದು ಹೇಳಲು ಬರುವುದಿಲ್ಲ. ತೀರಾ ದೂರದ್ದನ್ನೂ ಹಾಕಬೇಡಿ. ರಾಗಿಯನ್ನೋ ತೆಂಗನ್ನೋ ಹೊರಗುಂಪು ಮಾಡಿದರೆ ಹೋಲಿಸಲು ಸಿಗುವ ಲಕ್ಷಣವೇ ಕಡಿಮೆ.

ಎಚ್ಚರಿಕೆ: ಉಮ್ಮತ್ತಿಯ ಎಲ್ಲಾ ಭಾಗವೂ ವಿಷ, ಬೀಜವಂತೂ ಜಾಸ್ತಿ. ಗ್ಲೌಸ್ ಹಾಕಿಯೇ ಮುಟ್ಟಿ. ಅದೇ ಕೈ ಕಣ್ಣಿಗೆ ತಗುಲಿದರೆ ಪಾಪೆ ಹಿಗ್ಗಿ ಮಂಜಾಗುತ್ತದೆ. ಚಿಕ್ಕ ಮಕ್ಕಳ ಕೈಗೆ ಕೊಡಲೇಬೇಡಿ. ಆಲೂಗಡ್ಡೆ ಗಿಡದಲ್ಲಿ ಸಣ್ಣ ಹಸಿರು ಟೊಮೆಟೊ ಥರದ ಕಾಯಿ ಸಿಕ್ಕರೆ ಅದೂ ವಿಷವೇ, ರುಚಿ ನೋಡಬಾರದು.

## ಹಂತ 2: ಮಾದರಿ ತರುವುದು

ಮಂಡಿಯಿಂದ ಹಣ್ಣು ತಂದರೆ ಅರ್ಧ ಕೆಲಸವೂ ಆಗದು. ಹೂವು ಬೇಕು, ಎಲೆ ಬೇಕು, ತೊಟ್ಟು ಬೇಕು. ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಟೊಮೆಟೊ ತೋಟಕ್ಕೆ ಬರವಿಲ್ಲ. ರೈತರನ್ನು ಕೇಳಿಯೇ ಒಳಗೆ ಹೋಗಿ, ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದೂ ಕೇಳಿ.

ಇನ್ನೊಂದು ಮಾತು ಕೇಳಿಕೊಳ್ಳಿ: ಇದು ಕಸಿ ಸಸಿಯಾ? ಬಾಡು ರೋಗದ ಕಾಟಕ್ಕೆ ಟೊಮೆಟೊವನ್ನು ಬದನೆ ಜಾತಿಯ ಬೇರಿನ ಮೇಲೆ ಕಸಿ ಕಟ್ಟುವುದುಂಟು. ಹಾಗಿದ್ದರೆ ಕಸಿ ಗಂಟಿನ ಮೇಲಿನ ಭಾಗದಿಂದಲೇ ಎಲೆ, ಹೂವು ಕೀಳಿ. ಬುಡದ ಚಿಗುರು ಬೇರೆ ಗಿಡದ್ದಾಗಿರಬಹುದು.

ಪ್ರತಿ ಗಿಡದಿಂದ ಒಂದೇ ಹೂವು ತಂದು ಎಸಳು ಎಣಿಸಿಬಿಡುವುದು ಸಾಮಾನ್ಯ ತಪ್ಪು. ಕಾಡು ಟೊಮೆಟೊಗೆ ಐದು ಎಸಳು. ತೋಟದ ದಪ್ಪ ಹಣ್ಣಿನ ತಳಿಗಳಲ್ಲಿ ಆರು, ಏಳು, ಅದಕ್ಕೂ ಹೆಚ್ಚು ಸಿಗುತ್ತವೆ. ಇದು ನಾವು ಬೆಳೆಸಿ ಬೆಳೆಸಿ ತಂದ ಬದಲಾವಣೆ. ಗಾತ್ರ, ಬಣ್ಣ, ರುಚಿ, ಖಾರ ಕೂಡ ಹಾಗೇ. ಇವನ್ನು ಲಕ್ಷಣಗಳ ಪಟ್ಟಿಗೆ ಸೇರಿಸಲೇಬೇಡಿ.

ಗೆಣಸಿನ ಹೂವು ಸಿಗದಿದ್ದರೆ ಮಾರ್ನಿಂಗ್ ಗ್ಲೋರಿ ಹೂವು ನೋಡಿ, ನೋಟ್‌ಬುಕ್ಕಿನಲ್ಲಿ ಹಾಗೆಂದು ಬರೆದಿಡಿ.

## ಹಂತ 3: ಅದೇ ಅಂಗವಾ ಎಂದು ಪರೀಕ್ಷಿಸಿ

ಆತುರ ಪಡಬಾರದ ಹಂತ ಇದು. ಎರಡು ಅಂಗಗಳು ಒಂದೇ ಪೂರ್ವಜರ ಅಂಗದಿಂದ ಬಂದಿದ್ದರೆ ರಚನಾನುರೂಪಿ. ಮೂಲ ಬೇರೆಯಾಗಿ, ಮಾಡುವ ಕೆಲಸ ಮಾತ್ರ ಒಂದೇ ಆದರೆ ಕಾರ್ಯಾನುರೂಪಿ. ವಂಶವೃಕ್ಷಕ್ಕೆ ಮೊದಲನೆಯದು ಮಾತ್ರ ಬರುತ್ತದೆ.

ಹೇಗೆ ತಿಳಿಯುವುದು? ಮೂರು ಕಡೆ ನೋಡಿ: ಅಂಗ ಗಿಡದಲ್ಲಿ ಇರುವ ಜಾಗ, ಅದರ ರಚನೆ, ಅದು ಬೆಳೆಯುವ ರೀತಿ.

ಆಲೂಗಡ್ಡೆ ಮತ್ತು ಗೆಣಸನ್ನು ಪಕ್ಕಪಕ್ಕ ಇಡಿ. ಆಲೂಗಡ್ಡೆಯ ಮೇಲಿನ ಕಣ್ಣುಗಳ ಹತ್ತಿರ ಮಸೂರ ಹಿಡಿಯಿರಿ. ಪ್ರತಿ ಕಣ್ಣಿನ ಕೆಳಗೆ ಹುಬ್ಬಿನಂಥ ಒಂದು ಗೆರೆ ಕಾಣುತ್ತದೆ. ಅದು ಉದುರಿದ ಚಿಕ್ಕ ಎಲೆಯ ಗುರುತು. ಕಣ್ಣಿರುವುದು ಅದರ ಕಂಕುಳಲ್ಲಿ. ಮಾಮೂಲಿ ಕಾಂಡದಲ್ಲಿ ಎಲೆಯ ಕಂಕುಳಲ್ಲಿ ಮೊಗ್ಗು ಇರುತ್ತದಲ್ಲ, ಇದೂ ಅದೇ. ಒಂದೊಂದು ಕಣ್ಣಿಗೂ ಗುಂಡುಸೂಜಿ ಚುಚ್ಚಿ ದಾರ ಕಟ್ಟುತ್ತಾ ಹೋಗಿ. ದಾರ ಗೆಡ್ಡೆಯ ಸುತ್ತ ಸುರುಳಿ ಸುತ್ತುತ್ತದೆ, ಕಾಂಡದ ಮೇಲೆ ಎಲೆಗಳು ಸುತ್ತುವ ಹಾಗೆಯೇ. ಬಿಸಿಲಿಗೆ ಬಿದ್ದ ಆಲೂಗಡ್ಡೆ ಹಸಿರಾಗುವುದನ್ನೂ ನೀವು ನೋಡಿರುತ್ತೀರಿ. ಅಂದರೆ ಇದು ನೆಲದಡಿ ಊದಿಕೊಂಡ ಕಾಂಡ.

ಗೆಣಸಿನಲ್ಲಿ ಈ ವ್ಯವಸ್ಥೆ ಇಲ್ಲ. ಎಲೆಯ ಗುರುತಿಲ್ಲ, ಸುರುಳಿಯಲ್ಲಿ ಕೂತ ಕಣ್ಣಿಲ್ಲ. ಮೈಮೇಲೆ ಅಲ್ಲಲ್ಲಿ ಸಣ್ಣ ಬೇರಿನ ಎಳೆ ಸಿಗುತ್ತದೆ. ಚಿಗುರು ಹೆಚ್ಚಾಗಿ ಬಳ್ಳಿಗೆ ಅಂಟಿದ್ದ ತುದಿಯಿಂದ ಒಡೆಯುತ್ತದೆ. ಇದು ಊದಿಕೊಂಡ ಬೇರು.

ಎರಡೂ ಪಿಷ್ಟ ಕೂಡಿಡುತ್ತವೆ, ಎರಡನ್ನೂ ಬೇಯಿಸಿ ತಿನ್ನುತ್ತೇವೆ. ಆದರೂ ಒಂದು ಕಾಂಡ, ಇನ್ನೊಂದು ಬೇರು. "ಗೆಡ್ಡೆ ಇದೆ" ಎಂಬ ಸಾಲನ್ನು ಪಟ್ಟಿಯಿಂದ ಹೊಡೆದುಹಾಕಿ. ಚಾರ್ಟಿನಲ್ಲಿ ಇವೆರಡನ್ನು ಅಕ್ಕಪಕ್ಕ ಕೂರಿಸುವ ತಪ್ಪು ಹುಟ್ಟುವುದು ಇಲ್ಲೇ.

ಬದನೆ ತೊಟ್ಟಿನ ಮುಳ್ಳು, ಉಮ್ಮತ್ತಿ ಕಾಯಿಯ ಮುಳ್ಳು ಕೂಡ ಇಂಥದ್ದೇ ಬಲೆ. ಒಂದು ಹೂವಿನ ಹಸಿರು ಬಟ್ಟಲಿನ ಸಿಪ್ಪೆಯಿಂದ ಎದ್ದದ್ದು, ಇನ್ನೊಂದು ಕಾಯಿಯ ಗೋಡೆಯಿಂದ. ಜಾಗವೇ ಬೇರೆ.

## ಹಂತ 4: ಹಳೆಯ ಲಕ್ಷಣ, ಹೊಸ ಲಕ್ಷಣ ಬೇರೆ ಮಾಡಿ

ಐದು ಎಸಳು ಬುಡದಲ್ಲಿ ಸೇರಿ ಒಂದಾಗಿರುವುದು, ಐದು ಕೇಸರ ಇರುವುದು ಬದನೆ ಕುಟುಂಬದ ಗುರುತು ಎಂದು ಎಲ್ಲರೂ ಬರೆಯುತ್ತಾರೆ. ನಿಜ. ಆದರೆ ಗೆಣಸಿನ ಹೂವಿನಲ್ಲೂ ಹಾಗೇ ಇದೆ, ಅಲ್ವಾ? ಹೊರಗುಂಪಿನಲ್ಲೂ ಇದೆ ಎಂದರೆ ಅದು ಇವೆಲ್ಲಕ್ಕೂ ಮುಂಚಿನಿಂದ ಬಂದ ಆಸ್ತಿ. ಅದರಿಂದ ಈ ಐದರಲ್ಲಿ ಯಾರಿಗೆ ಯಾರು ಹತ್ತಿರ ಎಂದು ತಿಳಿಯುವುದಿಲ್ಲ.

ಇದೇ ಕಾರಣಕ್ಕೆ ಉಮ್ಮತ್ತಿ ಮತ್ತು ಗೆಣಸಿನ ಹೂವು ಎರಡೂ ಆಲಿಕೆ ಆಕಾರದಲ್ಲಿವೆ ಎಂದು ಅವನ್ನು ಜೋಡಿ ಮಾಡಬಾರದು. ಗುಂಪು ಕಟ್ಟುವುದು ಹಂಚಿಕೊಂಡ ಹೊಸ ಲಕ್ಷಣಗಳಿಂದ ಮಾತ್ರ.

ಈಗ ಪಟ್ಟಿ ಮಾಡಿ. ಹೊರಗುಂಪಿನಲ್ಲಿ ಇರುವಂಥದ್ದಕ್ಕೆ 0, ಬದಲಾಗಿದ್ದರೆ 1.

ಹಣ್ಣು ರಸಭರಿತವಾ, ಒಣಗಿ ಸೀಳುವಂಥದ್ದಾ? ಗೆಣಸು, ಉಮ್ಮತ್ತಿಗೆ 0, ಉಳಿದ ನಾಲ್ಕಕ್ಕೂ 1. ಮೆಣಸಿನಕಾಯಿ ಒಳಗೆ ಪೊಳ್ಳಾಗಿದ್ದರೂ ಇದೇ ಜಾತಿಯ ಹಣ್ಣು.

ಹೂವು ಅಗಲವಾಗಿ ಬಿಚ್ಚಿದ ನಕ್ಷತ್ರದ ಆಕಾರವಾ? ಇಲ್ಲೂ ಅದೇ ನಾಲ್ಕಕ್ಕೆ 1.

ಎಲೆ ಬಿಡಿಬಿಡಿ ಚಿಕ್ಕೆಲೆಗಳಾಗಿ ಒಡೆದಿದೆಯಾ? ಟೊಮೆಟೊ, ಆಲೂಗಡ್ಡೆಗೆ ಮಾತ್ರ 1.

ಹೂವಿನ ತೊಟ್ಟಿನ ನಡುವೆ ಗೆಣ್ಣು ಇದೆಯಾ? ಟೊಮೆಟೊ ಕೀಳುವಾಗ ಟಕ್ ಎಂದು ಮುರಿಯುವ ಜಾಗ ಅದು. ಟೊಮೆಟೊ, ಆಲೂಗಡ್ಡೆಗೆ 1. ಗೆಣ್ಣಿಲ್ಲದ ಟೊಮೆಟೊ ತಳಿಗಳೂ ಇವೆ, ಹಾಗಾಗಿ ಎರಡು ಮೂರು ತಳಿ ನೋಡಿ.

ಪರಾಗದ ಚೀಲ ತುದಿಯಲ್ಲಿ ತೂತಾಗಿ ತೆರೆಯುತ್ತದಾ, ಉದ್ದಕ್ಕೆ ಸೀಳುತ್ತದಾ? ಗೆಣಸು, ಉಮ್ಮತ್ತಿ, ಮೆಣಸಿನಕಾಯಿಯಲ್ಲಿ ಸೀಳು. ಬದನೆ, ಆಲೂಗಡ್ಡೆಯಲ್ಲಿ ತುದಿಯ ತೂತು. ಬದನೆ ಹೂವಿನ ಹಳದಿ ಚೀಲದ ತುದಿಗೆ ಮಸೂರ ಹಿಡಿದರೆ ಎರಡು ಚುಕ್ಕಿ ತೂತು ಸ್ಪಷ್ಟ. ಟೊಮೆಟೊದಲ್ಲಿ? ಐದಾರು ಚೀಲ ಒಂದಕ್ಕೊಂದು ಅಂಟಿ ಮೊನೆಯಾದ ಕೊಳವೆಯಾಗಿದೆ. ಬ್ಲೇಡಿನಿಂದ ಉದ್ದಕ್ಕೆ ಕೊಯ್ದು ಬಿಡಿಸಿ. ಒಳಮುಖದಲ್ಲಿ ಉದ್ದನೆಯ ಸೀಳುಗಳಿವೆ. ಹಾಗಾಗಿ ಟೊಮೆಟೊಗೆ 0.

ಇಲ್ಲೇ ಗಲಾಟೆ ಶುರು. ಎಲೆ, ತೊಟ್ಟು ಎರಡೂ ಟೊಮೆಟೊ-ಆಲೂಗಡ್ಡೆ ಜೋಡಿ ಎನ್ನುತ್ತವೆ. ಪರಾಗದ ಚೀಲ ಬದನೆ-ಆಲೂಗಡ್ಡೆ ಜೋಡಿ ಎನ್ನುತ್ತದೆ.

## ಹಂತ 5: ಬದಲಾವಣೆ ಎಣಿಸಿ, ಕಡಿಮೆ ಬೇಕಾದ ಮರ ಇಟ್ಟುಕೊಳ್ಳಿ

ಹೊಂದದ ಲಕ್ಷಣವನ್ನು ಸುಮ್ನೆ ಬಿಟ್ಟುಬಿಡುವುದು ಮೋಸ. ಎರಡೂ ಮರ ಬರೆದು, ಒಂದೊಂದರಲ್ಲಿ ಎಷ್ಟು ಬದಲಾವಣೆ ಆಗಿರಬೇಕು ಎಂದು ಎಣಿಸಬೇಕು.

ಮೊದಲ ಮರದಲ್ಲಿ ಟೊಮೆಟೊ-ಆಲೂಗಡ್ಡೆ ಜೋಡಿ, ಪಕ್ಕದಲ್ಲಿ ಬದನೆ. ಹಣ್ಣಿಗೆ 1, ಹೂವಿನ ಆಕಾರಕ್ಕೆ 1, ಎಲೆಗೆ 1, ತೊಟ್ಟಿಗೆ 1. ಪರಾಗದ ಚೀಲಕ್ಕೆ 2: ತೂತು ಒಮ್ಮೆ ಹುಟ್ಟಿತು, ಟೊಮೆಟೊದಲ್ಲಿ ಹೋಯಿತು. ಒಟ್ಟು 6.

ಎರಡನೆಯದರಲ್ಲಿ ಬದನೆ-ಆಲೂಗಡ್ಡೆ ಜೋಡಿ, ಟೊಮೆಟೊ ಹೊರಗೆ. ಹಣ್ಣು 1, ಹೂವು 1, ಚೀಲ 1. ಆದರೆ ಎಲೆಗೆ 2, ತೊಟ್ಟಿಗೆ 2. ಒಟ್ಟು 7.

ಮೊದಲನೆಯದು ಗೆದ್ದಿತು, ಅದೂ ಒಂದೇ ಒಂದು ಅಂಕದಿಂದ. ಇಷ್ಟು ಸಣ್ಣ ಅಂತರದ ಮೇಲೆ ಖಡಾಖಂಡಿತ ಮಾತಾಡಬೇಡಿ. ಇನ್ನಷ್ಟು ಲಕ್ಷಣ ಸೇರಿಸಿ, ಇಲ್ಲವೇ ಜೀನ್ ಕೇಳಿ.

ಟೊಮೆಟೊ ಹೂವಿನ ಕಥೆ ಹೊಂದಿಕೊಳ್ಳುವುದು ದುಂಬಿ ನೋಡಿದರೆ. ದೊಡ್ಡ ಕಪ್ಪು ದುಂಬಿ ಹೂವನ್ನು ಅಪ್ಪಿ ಹಿಡಿದು ಝುಂಯ್ ಎಂದು ಮೈ ಅದುರಿಸುತ್ತದೆ. ಬದನೆಯಲ್ಲಿ ಪರಾಗ ತುದಿ ತೂತಿನಿಂದ ಉದುರುತ್ತದೆ. ಟೊಮೆಟೊದಲ್ಲಿ ಒಳಗಿನ ಸೀಳಿನಿಂದ ಕೊಳವೆಗೆ ಬಿದ್ದು, ಕೊಳವೆಯ ತುದಿಯಿಂದ ಉದುರುತ್ತದೆ. ಕೊಳವೆಯೇ ತೂತಿನ ಕೆಲಸ ಮಾಡುವಾಗ ಚೀಲಕ್ಕೆ ಬೇರೆ ತೂತು ಬೇಕಿಲ್ಲ. ಈ ಕೊಳವೆಯೂ ಸೇರಿ ಕೆಲವು ವ್ಯತ್ಯಾಸಗಳನ್ನು ನೋಡಿಯೇ ಸಸ್ಯಶಾಸ್ತ್ರಜ್ಞರು ಬಹುಕಾಲ ಟೊಮೆಟೊವನ್ನು ಬದನೆ, ಆಲೂಗಡ್ಡೆ ಇರುವ ಸೊಲಾನಮ್ ಎಂಬ ಗುಂಪಿನಿಂದ ಹೊರಗಿಟ್ಟು ಲೈಕೋಪರ್ಸಿಕಾನ್ ಎಂಬ ಬೇರೆ ಗುಂಪಿನಲ್ಲಿ ಇರಿಸಿದ್ದರು. ಡಿಎನ್‌ಎ ಹೋಲಿಸಿದ ಮೇಲೆ ಮತ್ತೆ ಒಳಗೆ ಕರೆದುಕೊಂಡರು. ಹಳೆಯ ಕೃಷಿ ಪುಸ್ತಕಗಳಲ್ಲಿ ಹಳೆಯ ಹೆಸರೇ ಇದೆ, ಗಾಬರಿಯಾಗಬೇಡಿ.

## ಹಂತ 6: ಸರಿಯಾದ ಜೀನ್ ಆರಿಸಿ

ಆರೂ ಗಿಡದಲ್ಲಿರುವ ಒಂದೇ ಜೀನ್ ಬೇಕು. ಅದು ತೀರಾ ನಿಧಾನವಾಗಿ ಬದಲಾಗುವಂಥದ್ದಾದರೆ ಹತ್ತಿರದ ನೆಂಟರಲ್ಲಿ ವ್ಯತ್ಯಾಸವೇ ಕಾಣದು. ತೀರಾ ಬೇಗ ಬದಲಾಗುವಂಥದ್ದಾದರೆ ದೂರದವರ ಹೋಲಿಕೆ ಅಳಿಸಿಹೋಗಿರುತ್ತದೆ.

2009ರಲ್ಲಿ ಗಿಡಗಳ ಗುರುತಿಗೆಂದು ವಿಜ್ಞಾನಿಗಳು ಒಪ್ಪಿದ್ದು ಕ್ಲೋರೋಪ್ಲಾಸ್ಟಿನ (ಎಲೆಗೆ ಹಸಿರು ಬಣ್ಣ ಕೊಡುವ ಕಣದ) ಎರಡು ಜೀನ್: ಆರ್‌ಬಿಸಿಎಲ್ (rbcL) ಮತ್ತು ಮ್ಯಾಟ್‌ಕೆ (matK). ಮೊದಲನೆಯದು ನಿಧಾನ. ನಮ್ಮ ಕೆಲಸಕ್ಕೆ ಸುಮಾರು 1,500 ಅಕ್ಷರದ ಮ್ಯಾಟ್‌ಕೆ ವಾಸಿ. ಪ್ರಾಣಿಗಳಲ್ಲಿ ಬಳಸುವ ಸಿಒಐ ಜೀನನ್ನು ಗಿಡಕ್ಕೆ ತರಬೇಡಿ. ಗಿಡಗಳ ಮೈಟೋಕಾಂಡ್ರಿಯಾದಲ್ಲಿ ಅದು ತುಂಬಾ ನಿಧಾನ.

ಕೋಶಕೇಂದ್ರದ ಜೀನ್ ತೆಗೆದುಕೊಂಡರೆ ಇನ್ನೊಂದು ತೊಂದರೆ. ಒಂದು ಜೀನ್ ಹಿಂದೆಂದೋ ಎರಡು ಪ್ರತಿಯಾಗಿರಬಹುದು. ಟೊಮೆಟೊದ ಮೊದಲ ಪ್ರತಿಯನ್ನು ಬದನೆಯ ಎರಡನೇ ಪ್ರತಿಯ ಜೊತೆ ಹೋಲಿಸಿದರೆ ನೀವು ಅಳೆಯುವುದು ಪ್ರತಿಗಳು ಬೇರೆಯಾದ ಕಾಲವನ್ನು, ಗಿಡಗಳು ಬೇರೆಯಾದ ಕಾಲವನ್ನಲ್ಲ. ಹೊಸಬರು ಕ್ಲೋರೋಪ್ಲಾಸ್ಟ್ ಜೀನಿನಿಂದಲೇ ಶುರು ಮಾಡಿ.

## ಹಂತ 7: ಅಕ್ಷರಸಾಲು ಇಳಿಸಿಕೊಳ್ಳಿ

ಜೆನ್‌ಬ್ಯಾಂಕಿನ ನ್ಯೂಕ್ಲಿಯೋಟೈಡ್ ವಿಭಾಗದಲ್ಲಿ ಗಿಡದ ಲ್ಯಾಟಿನ್ ಹೆಸರು ಮತ್ತು ಜೀನ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ಹುಡುಕಿ.

ಬಹಳ ಮಂದಿ ಎಡವುವುದು ಇಲ್ಲಿ. ಮೊದಲ ಫಲಿತಾಂಶವೇ ಇಡೀ ಕ್ಲೋರೋಪ್ಲಾಸ್ಟಿನ ಅಕ್ಷರಸಾಲು ಆಗಿರಬಹುದು, ಸುಮಾರು 1.55 ಲಕ್ಷ ಅಕ್ಷರ. ಅದನ್ನು ಹಾಗೇ ಇಳಿಸಿ, 800 ಅಕ್ಷರದ ಬದನೆ ತುಣುಕಿನ ಜೊತೆ ಹೊಂದಿಸಲು ಹೋದರೆ ಲ್ಯಾಪ್‌ಟಾಪ್ ಒದ್ದಾಡುತ್ತದೆ. ದಾಖಲೆಯೊಳಗೆ ಮ್ಯಾಟ್‌ಕೆ ಎಂದಿರುವ ಸಿಡಿಎಸ್ (CDS, ಪ್ರೋಟೀನಿಗೆ ಸೂಚನೆ ಕೊಡುವ ಭಾಗ) ಕೊಂಡಿ ಒತ್ತಿ, ಆ ಭಾಗವನ್ನು ಮಾತ್ರ ಫಾಸ್ಟಾ (FASTA) ಎಂಬ ಸರಳ ಪಠ್ಯ ಕಡತದ ರೂಪದಲ್ಲಿ ಇಳಿಸಿ. ಹೀಗೆ ಮಾಡಿದರೆ ಇನ್ನೊಂದು ಲಾಭ: ಈ ಜೀನ್ ಇರುವುದು ಡಿಎನ್‌ಎಯ ಎರಡು ಎಳೆಗಳಲ್ಲಿ ಎದುರಿನದರಲ್ಲಿ, ಕೊಂಡಿಯ ಮೂಲಕ ಇಳಿಸಿದರೆ ದಿಕ್ಕು ಸರಿಯಾಗಿ ಬರುತ್ತದೆ.

ಪ್ರತಿ ಸಾಲಿನ ದಾಖಲೆ ಸಂಖ್ಯೆಯನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಆಮೇಲೆ ಸಾಲಿನ ತಲೆಬರಹವನ್ನು ಗಿಡದ ಹೆಸರಿಗೆ ಬದಲಿಸಿ. ಹೆಸರಿನ ಮೇಲೆ ಸಂಶಯ ಬಂದರೆ ಅಕ್ಷರಸಾಲನ್ನು ಬ್ಲಾಸ್ಟ್‌ಗೆ (BLAST, ಅದೇ ಭಂಡಾರದಲ್ಲಿ ಹೋಲುವ ಸಾಲು ಹುಡುಕುವ ಸಾಧನ) ಹಾಕಿ ನೋಡಿ. ಉಮ್ಮತ್ತಿ ಎಂದು ಇಳಿಸಿದ್ದು ಬೇರಾವುದೋ ಗಿಡಕ್ಕೆ ಹೊಂದಿದರೆ ಆ ದಾಖಲೆ ಬಿಡಿ.

## ಹಂತ 8: ಸಾಲು ಹೊಂದಿಸುವುದು

ಮೆಗಾದಲ್ಲಿ ಆರೂ ಸಾಲು ತೆರೆದು ಮಸಲ್ ವಿಧಾನದಿಂದ ಅಲೈನ್ ಮಾಡಿ. ಒಂದು ಗಿಡದ ಸಾಲಿನಲ್ಲಿ ಮೂರು ಅಕ್ಷರ ಬಿಟ್ಟುಹೋಗಿದ್ದರೆ ಅಲ್ಲಿಂದ ಮುಂದಿನದ್ದೆಲ್ಲ ಮೂರು ಮನೆ ಹಿಂದೆ ಸರಿದಿರುತ್ತದೆ. ಹಾಗೇ ಎಣಿಸಿದರೆ ಒಂದೇ ಅಂಥ ಸಾಲುಗಳೂ ಪೂರ್ತಿ ಬೇರೆ ಎಂದು ಬರುತ್ತದೆ. ಖಾಲಿ ಜಾಗ ಸೇರಿಸಿ, ಸರಿಯಾದ ಅಕ್ಷರದ ಎದುರಿಗೆ ಸರಿಯಾದ ಅಕ್ಷರ ತರುವುದೇ ಅಲೈನ್‌ಮೆಂಟ್. ಹಂತ 3ರಲ್ಲಿ "ಅದೇ ಅಂಗವಾ" ಎಂದು ಕೇಳಿದಿರಲ್ಲ, ಇಲ್ಲಿ "ಅದೇ ಅಕ್ಷರವಾ" ಎಂದು ಕೇಳುತ್ತಿದ್ದೀರಿ.

ಕಂಪ್ಯೂಟರ್ ಮಾಡಿತು ಎಂದು ನಂಬಿ ಮುಂದೆ ಹೋಗಬೇಡಿ, ಕಣ್ಣಾಡಿಸಿ. ಮ್ಯಾಟ್‌ಕೆ ಪ್ರೋಟೀನಿಗೆ ಸೂಚನೆ ಕೊಡುವ ಜೀನ್, ಮೂರು ಮೂರು ಅಕ್ಷರವಾಗಿ ಓದುತ್ತದೆ. ಹಾಗಾಗಿ ಖಾಲಿ ಜಾಗಗಳು ಸಾಮಾನ್ಯವಾಗಿ ಮೂರರ ಗುಂಪಿನಲ್ಲೇ ಬರಬೇಕು. ಪ್ರೋಟೀನ್ ಟ್ಯಾಬ್ ಒತ್ತಿ. ನಡುವೆ ನಕ್ಷತ್ರ ಚಿಹ್ನೆಗಳು ಕಂಡರೆ ಓದು ಅರ್ಧಕ್ಕೇ ನಿಲ್ಲುತ್ತಿದೆ ಎಂದರ್ಥ: ಸಾಲು ತಿರುಗಾಮುರುಗಾ ಇದೆ, ಅಥವಾ ಶುರುವಿನ ಅಕ್ಷರ ತಪ್ಪಿದೆ. ಕೆಲವು ಸಾಲು ಗಿಡ್ಡ ಇದ್ದರೆ ಎರಡೂ ತುದಿ ಕತ್ತರಿಸಿ, ಆರಕ್ಕೂ ಸಿಗುವ ಭಾಗ ಮಾತ್ರ ಇಟ್ಟುಕೊಳ್ಳಿ.

## ಹಂತ 9: ಮರ ಕಟ್ಟಿ, ಬೇರು ಕೊಡಿ

ಮೆಗಾದಲ್ಲಿ ಮೊದಲು ಸೂಕ್ತ ಮಾದರಿ (ಅಕ್ಷರಗಳು ಹೇಗೆ ಬದಲಾಗುತ್ತವೆ ಎಂಬ ಲೆಕ್ಕದ ಸೂತ್ರ) ಹುಡುಕುವ ಆಯ್ಕೆ ಓಡಿಸಿ. ಅದು ಸೂಚಿಸಿದ ಮಾದರಿಯಲ್ಲಿ ಮ್ಯಾಕ್ಸಿಮಮ್ ಲೈಕ್ಲಿಹುಡ್ ಮರ (ಈ ಅಕ್ಷರಗಳು ಬರುವ ಸಂಭವ ಅತಿ ಹೆಚ್ಚಿರುವ ಮರ) ಕಟ್ಟಿ, ಬೂಟ್‌ಸ್ಟ್ರಾಪ್ 1,000 ಇಡಿ. ಮಾದರಿ ಯಾಕೆ ಬೇಕು ಎಂದರೆ, ಡಿಎನ್‌ಎಯಲ್ಲಿ ಇರುವುದು ನಾಲ್ಕೇ ಅಕ್ಷರ. ಒಂದೇ ಜಾಗ ಎರಡು ಸಲ ಬದಲಾಗಿ ಮೊದಲಿನ ಅಕ್ಷರಕ್ಕೇ ವಾಪಸ್ ಬಂದಿರಬಹುದು. ಬರೀ ವ್ಯತ್ಯಾಸ ಎಣಿಸಿದರೆ ಅದು ಕಾಣುವುದಿಲ್ಲ.

ಚಿತ್ರ ಬಂದ ಮೇಲೆ ಗೆಣಸಿನ ಕೊಂಬೆ ಆರಿಸಿ ಅಲ್ಲಿ ಬೇರು ಕೊಡಿ. ಇದನ್ನು ಮರೆತರೆ ಸರಿಯಾದ ಮರವೂ ತಪ್ಪಾಗಿ ಕಾಣುತ್ತದೆ. ಬರಬೇಕಾದ ಕ್ರಮ: ಮೊದಲು ಗೆಣಸು ಬೇರೆ, ಆಮೇಲೆ ಉಮ್ಮತ್ತಿ, ಆಮೇಲೆ ಮೆಣಸಿನಕಾಯಿ, ನಂತರ ಬದನೆ, ಕೊನೆಗೆ ಟೊಮೆಟೊ-ಆಲೂಗಡ್ಡೆ ಜೋಡಿ.

ಬೂಟ್‌ಸ್ಟ್ರಾಪ್ ಸಂಖ್ಯೆ ಎಂದರೆ, ನಿಮ್ಮದೇ ಅಕ್ಷರಕಾಲಂಗಳನ್ನು ಎತ್ತಿ ಹಾಕಿ ಮರುಕಟ್ಟಿದಾಗ ನೂರಕ್ಕೆ ಎಷ್ಟು ಸಲ ಅದೇ ಗುಂಪು ಬಂತು ಎಂದು. 70ಕ್ಕಿಂತ ಕಡಿಮೆ ಇದ್ದರೆ ಆ ಕವಲನ್ನು ನಂಬಿ ಮಾತಾಡಬೇಡಿ. 95 ಬಂದರೆ "ನೂರಕ್ಕೆ 95 ಪಾಲು ಸತ್ಯ" ಎಂದೂ ಅಲ್ಲ. ತಪ್ಪು ಜೀನ್ ಹಾಕಿದರೂ 100 ಬರಬಹುದು.

## ಹಂತ 10: ಮರ ಓದುವುದು

ಹೆಸರುಗಳು ಮೇಲಿಂದ ಕೆಳಗೆ ಯಾವ ಕ್ರಮದಲ್ಲಿವೆ ಎಂಬುದಕ್ಕೆ ಅರ್ಥವಿಲ್ಲ. ತೊಟ್ಟಿಲ ಮೇಲೆ ತೂಗುಹಾಕಿದ ಗಿಲಕಿಯ ಹಾಗೆ ಪ್ರತಿ ಕವಲನ್ನೂ ತಿರುಗಿಸಬಹುದು. ಎರಡು ಗಿಡಗಳ ಗೆರೆ ಹಿಂದಕ್ಕೆ ಹೋಗಿ ಎಲ್ಲಿ ಸೇರುತ್ತದೆ ಎಂಬುದಷ್ಟೇ ಲೆಕ್ಕ.

"ಹಾಗಾದರೆ ಟೊಮೆಟೊ ಆಲೂಗಡ್ಡೆಯಿಂದ ಬಂತಾ?" ಎಂದು ಪ್ರದರ್ಶನಕ್ಕೆ ಬಂದವರು ಕೇಳಿಯೇ ಕೇಳುತ್ತಾರೆ. ಇಲ್ಲ. ಎರಡಕ್ಕೂ ಒಬ್ಬನೇ ಪೂರ್ವಜ, ಆ ಗಿಡ ಟೊಮೆಟೊವೂ ಅಲ್ಲ, ಆಲೂಗಡ್ಡೆಯೂ ಅಲ್ಲ.

ಎಚ್ಚರಿಕೆಯ ಗುರುತುಗಳು: ಗೆಣಸು ಒಳಗಿನ ಗುಂಪಿಗೆ ನುಗ್ಗಿದರೆ ಹಂತ 7ಕ್ಕೆ ವಾಪಸ್ ಹೋಗಿ. ಗೆಣಸು ಬಿಟ್ಟು ಬೇರೆ ಒಂದೇ ಗಿಡದ ಕೊಂಬೆ ಮಿಕ್ಕವಕ್ಕಿಂತ ವಿಪರೀತ ಉದ್ದ ಬಂದರೆ ಅಲೈನ್‌ಮೆಂಟ್ ಕೆಟ್ಟಿರಬಹುದು. ಎರಡು ಗಿಡದ ನಡುವೆ ಒಂದೂ ವ್ಯತ್ಯಾಸ ಇಲ್ಲದಿದ್ದರೆ ಒಂದೇ ಕಡತವನ್ನು ಎರಡು ಸಲ ಹಾಕಿದ್ದೀರಾ ನೋಡಿ.

ರೈತರ ಅನುಭವವನ್ನೂ ಪಕ್ಕದಲ್ಲಿ ಬರೆಯಬಹುದು. ಅಂಗಮಾರಿ ಟೊಮೆಟೊ, ಆಲೂಗಡ್ಡೆ ಎರಡಕ್ಕೂ ಬೀಳುತ್ತದೆ. ಟೊಮೆಟೊ ಆದ ಮೇಲೆ ಅದೇ ಹೊಲಕ್ಕೆ ಬದನೆ ಬೇಡ ಎನ್ನುವುದೂ ಇದಕ್ಕೇ. ಆದರೆ ಇದು ಸುಳಿವು ಮಾತ್ರ. ರೋಗಾಣು ಕುಟುಂಬ ದಾಟಿಯೂ ಹೋಗುತ್ತದೆ, ಆದ್ದರಿಂದ ಅಂಕದ ಪಟ್ಟಿಗೆ ಸೇರಿಸಬೇಡಿ.

## ಹಂತ 11: ಎರಡು ಮರ ಪಕ್ಕಪಕ್ಕ ಇಡಿ

ಅಂಗದ ಮರ, ಜೀನಿನ ಮರ ಹೊಂದಿದರೆ ಒಳ್ಳೆಯದು. ಹೊಂದದಿದ್ದರೆ ಎರಡನ್ನೂ ಬೆರೆಸಿ ಸರಾಸರಿ ಮಾಡಬೇಡಿ. ಯಾವ ಕವಲಿನಲ್ಲಿ ಬೇರೆಯಾಯಿತು ಎಂದು ಗುರುತು ಹಾಕಿ, ಆ ಕವಲಿಗೆ ಕಾರಣವಾದ ಲಕ್ಷಣವನ್ನು ಮತ್ತೆ ಮಸೂರದಡಿ ನೋಡಿ.

ಜೀನ್ ಹೇಳಿದ್ದೇ ಕೊನೆ ಮಾತು ಎಂದುಕೊಳ್ಳುವುದೂ ತಪ್ಪು. ಒಂದು ಜೀನಿನ ಮರ ಆ ಒಂದು ಜೀನಿನ ಚರಿತ್ರೆ, ಅಷ್ಟೇ. ಆಲೂಗಡ್ಡೆಯೇ ಇದಕ್ಕೆ ಸಾಕ್ಷಿ. 2011ರಲ್ಲಿ ಅದರ ಜೀನೋಮ್ (ಗಿಡದ ಒಟ್ಟು ಡಿಎನ್‌ಎಯ ಅಕ್ಷರಸಾಲು), 2012ರಲ್ಲಿ ಟೊಮೆಟೊದ್ದು ಪ್ರಕಟವಾದವು. ಎರಡರ ನಡುವೆ ಶೇ 8ಕ್ಕಿಂತ ಹೆಚ್ಚು ಅಕ್ಷರ ವ್ಯತ್ಯಾಸ, ಕಾಡು ಟೊಮೆಟೊ ಮತ್ತು ತೋಟದ ಟೊಮೆಟೊ ನಡುವೆ ಶೇ 0.6 ಮಾತ್ರ. 2025ರಲ್ಲಿ ಬಂದ ಅಧ್ಯಯನ ಇನ್ನೂ ಮುಂದೆ ಹೋಯಿತು. ಸುಮಾರು 90 ಲಕ್ಷ ವರ್ಷದ ಹಿಂದೆ ಟೊಮೆಟೊ ಕಡೆಯ ಗಿಡವೂ, ಗೆಡ್ಡೆ ಬಿಡದ ಎಟುಬೆರೋಸಮ್ ಎಂಬ ಗುಂಪಿನ ಗಿಡವೂ ಬೆರೆತು ಆಲೂಗಡ್ಡೆಯ ವಂಶ ಹುಟ್ಟಿತು ಎಂದು ಅದು ತೋರಿಸಿತು. ಗೆಡ್ಡೆ ಕಟ್ಟಲು ಬೇಕಾದ ಒಂದು ಮುಖ್ಯ ಜೀನ್ ಟೊಮೆಟೊ ಕಡೆಯದು, ಇನ್ನೊಂದು ಎಟುಬೆರೋಸಮ್ ಕಡೆಯದು. ಆದ್ದರಿಂದ ಆಲೂಗಡ್ಡೆಯ ಕೆಲವು ಜೀನ್ ಒಂದು ಮರ ಹೇಳುತ್ತವೆ, ಕೆಲವು ಇನ್ನೊಂದು. ಸಮಯವಿದ್ದರೆ ಮ್ಯಾಟ್‌ಕೆ ಜೊತೆಗೆ ಕೋಶಕೇಂದ್ರದ ಐಟಿಎಸ್ ಭಾಗದಿಂದಲೂ ಒಂದು ಮರ ಕಟ್ಟಿ. ಅದು ಪ್ರೋಟೀನಿಗೆ ಸೂಚನೆ ಕೊಡುವ ಭಾಗ ಅಲ್ಲ, ಅಲ್ಲಿ ಮೂರರ ಲೆಕ್ಕ ನೋಡಬೇಡಿ.

ಚಾರ್ಟಿನಲ್ಲಿ ಇಷ್ಟು ಇರಲಿ: 0-1 ಪಟ್ಟಿ, ಎರಡು ಮರ ಮತ್ತು 6, 7ರ ಎಣಿಕೆ, ಜೀನಿನ ಹೆಸರು, ದಾಖಲೆ ಸಂಖ್ಯೆಗಳು, ಮಾದರಿ, ಬೂಟ್‌ಸ್ಟ್ರಾಪ್. ಪಟ್ಟಿಯಿಂದ ಹೊಡೆದುಹಾಕಿದ ಗೆಡ್ಡೆಯ ಸಾಲನ್ನೂ ಕಾರಣದ ಜೊತೆ ತೋರಿಸಿ.

## ಬೇರೆ ಗಿಡದಲ್ಲಿ ಮಾಡುವವರಿಗೆ

ಶಿಡ್ಲಘಟ್ಟ ಕಡೆಯವರಿಗೆ ಹಿಪ್ಪುನೇರಳೆ ಕೈಗೆಟುಕುವಷ್ಟು ಹತ್ತಿರ, ತುಮಕೂರಿನವರಿಗೆ ಹಲಸು. ಎರಡೂ ಒಂದೇ ಕುಟುಂಬ. ಅತ್ತಿ, ಆಲ ಸೇರಿಸಿಕೊಳ್ಳಿ, ಹೊರಗುಂಪಿಗೆ ಎಲಚಿ ಇಡಿ. ಹಾಲು ಬರುವುದು, ಪುಟ್ಟ ಹೂವುಗಳು ಒತ್ತೊತ್ತಾಗಿ ಸೇರಿ ಒಂದೇ ಹಣ್ಣಿನಂತೆ ಆಗುವುದು, ಹೂವು ಹೊರಗಿದೆಯೋ ಒಳಗೆ ಮುಚ್ಚಿಕೊಂಡಿದೆಯೋ ಎಂಬುದು ನೋಡಬೇಕಾದ ಲಕ್ಷಣಗಳು. ಅತ್ತಿ ಮತ್ತು ಆಲ ತೀರಾ ಹತ್ತಿರದವು, ಅವೆರಡನ್ನು ಬಿಡಿಸಲು ಮ್ಯಾಟ್‌ಕೆ ಒಂದನ್ನೇ ನೆಚ್ಚಬೇಡಿ, ಐಟಿಎಸ್ ತೆಗೆದುಕೊಳ್ಳಿ.